ವಿದ್ವತ್ ಮುಗಿದಿದೆ, ಕೆಲಸ ಬಿಟ್ಟು ಸಂಗೀತ ಪಾಠ ಹೇಳಲಾ?

ಪ್ರಶ್ನೆ: ನನಗೆ 29 ವರ್ಷ. ಊರು ದಾವಣಗೆರೆ. ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಎಂಟನೇ ವಯಸ್ಸಿನಿಂದ ಕರ್ನಾಟಕ ಸಂಗೀತ ಕಲಿಯುತ್ತಿದ್ದೇನೆ, ಹೋದ ವರ್ಷ ಸಂಗೀತದ ಕೊನೆಯ ಹಂತದ ಪರೀಕ್ಷೆ, ವಿದ್ವತ್ ಅಂತಿಮ, ಮುಗಿಯಿತು. ಕೆಲಸ ಬಿಟ್ಟು ಪೂರ್ತಿ ಪಾಠ ಹೇಳುವುದಕ್ಕೇ ಇಳಿಯಬೇಕು ಅಂತ ಆಸೆ. ಮನೆಯಲ್ಲಿ ಮಾತ್ರ “ಹೊತ್ತು ಕಳೆಯೋಕೆ ಸರಿ, ಹೊಟ್ಟೆಪಾಡಿಗೆ ಆಗಲ್ಲ” ಅನ್ನುತ್ತಾರೆ. ಈ ಕೆಲಸದಲ್ಲಿ ನಿಜವಾಗಿ ಸಿಗುವುದೇನು, ಕಷ್ಟ ಏನು? ಇದನ್ನೇ ನಂಬಿ ಬದುಕಬಹುದಾ?

ಉತ್ತರ: ಬದುಕಬಹುದು. ಆದರೆ ನಾಳೆಯೇ ರಾಜೀನಾಮೆ ಕೊಡಬೇಡಿ. ನಾನು ಮೈಸೂರಿನಲ್ಲಿ 31 ವರ್ಷದಿಂದ ಹಾಡುಗಾರಿಕೆ ಪಾಠ ಹೇಳುತ್ತಿದ್ದೇನೆ. ಇದನ್ನೇ ನಂಬಿ ಮನೆ ನಡೆದಿದೆ, ಮಗಳ ಓದು ಮುಗಿದಿದೆ. ಹಾಗಾಗಿ ನಿಮ್ಮ ಮನೆಯವರ ಭಯ ಪೂರ್ತಿ ನಿಜ ಅಲ್ಲ, ಪೂರ್ತಿ ಸುಳ್ಳೂ ಅಲ್ಲ ಅಂತ ಧೈರ್ಯವಾಗಿ ಹೇಳಬಲ್ಲೆ. ದುಡ್ಡಿನ ಲೆಕ್ಕಕ್ಕೆ ಆಮೇಲೆ ಬರುತ್ತೇನೆ. ಅದಕ್ಕೂ ಮೊದಲು ನೀವು ಕೇಳದೇ ಇರುವ ಒಂದು ವಿಷಯ ಹೇಳಬೇಕು. ಇಷ್ಟು ವರ್ಷ ನೀವು ಕಲಿತಿರುವುದು ಹಾಡುವುದನ್ನು. ಪಾಠ ಹೇಳುವುದು ಬೇರೆಯದೇ ಕಸುಬು. ಅದರ ಬಂಡವಾಳ ಗಂಟಲು ಅಲ್ಲ, ಕಿವಿ.

ಇದು ನನಗೆ ತಿಳಿದದ್ದು ಪಾಠ ಶುರು ಮಾಡಿ ಒಂಬತ್ತು ವರ್ಷ ಆದಮೇಲೆ, ಅದೂ ಗಂಟಲು ಕೆಟ್ಟಾಗ. ಆಗ ಸಂಜೆ ನಾಲ್ಕರಿಂದ ಎಂಟೂವರೆವರೆಗೆ ಬಿಡುವಿಲ್ಲದೆ ಬ್ಯಾಚು. ಮಕ್ಕಳ ಜೊತೆ ನಾನೂ ಪ್ರತಿಯೊಂದು ಸಾಲನ್ನೂ ಜೋರಾಗಿ ಹಾಡುತ್ತಿದ್ದೆ. ನನ್ನ ಶ್ರುತಿ, ಅಂದರೆ ನಾನು ಸ ಹಿಡಿಯುವ ಎತ್ತರ, ಹಾರ್ಮೋನಿಯಂ ಲೆಕ್ಕದಲ್ಲಿ ಐದೂವರೆ ಮನೆ. ಹುಡುಗಿಯರಿಗೆ ಅದು ಸರಿಹೋಗುತ್ತಿತ್ತು. ಏಳು ಗಂಟೆ ಬ್ಯಾಚಿನ ಗಂಡಸರಿಗೆ ಒಂದೂವರೆ ಮನೆಯಲ್ಲಿ ಹೇಳಿಕೊಡಬೇಕು. ಅವರಿಗೋಸ್ಕರ ಕೆಳಗೆ ಇಳಿದು ಗಂಟಲು ಒತ್ತಿ ಹಾಡುವುದು, ಮುಂದಿನ ಬ್ಯಾಚಿಗೆ ಮತ್ತೆ ಮೇಲೆ ಹೋಗುವುದು. ಒಂದು ದಿನ ತಾರಸ್ಥಾಯಿ ಸ, ಅಂದರೆ ಮೇಲಿನ ಸ, ಹಿಡಿದರೆ ಬರೀ ಗಾಳಿ ಬಂತು. ಗಂಟಲ ಡಾಕ್ಟರು ನೋಡಿ, ಸ್ವರತಂತುವಿನ ಮೇಲೆ ಸಣ್ಣ ಗಂಟುಗಳಾಗಿವೆ ಅಂದರು. ಮೂರು ವಾರ ಮಾತಾಡಕೂಡದು, ಹಾಡುವುದಂತೂ ಇಲ್ಲವೇ ಇಲ್ಲ.

ಪಾಠ ನಿಲ್ಲಿಸಿದರೆ ಆ ತಿಂಗಳ ಬಾಡಿಗೆ ಕಷ್ಟ. ಅದಕ್ಕೆ ಒಂದು ಸ್ಲೇಟು ಇಟ್ಟುಕೊಂಡು ಪಾಠ ಮುಂದುವರಿಸಿದೆ. ಶ್ರುತಿ ಪೆಟ್ಟಿಗೆ ಹಾಕುವುದು, ಕೈಯಲ್ಲಿ ತಾಳ, ಹೇಳಬೇಕಾದ್ದು ಸ್ಲೇಟಿನ ಮೇಲೆ. ಎರಡನೇ ದಿನ ಒಬ್ಬಳು ಹುಡುಗಿ ಮೋಹನ ರಾಗದ ವರ್ಣ ಹಾಡುತ್ತಿದ್ದಳು. ಎರಡು ವರ್ಷದಿಂದ ನನ್ನ ಹತ್ತಿರವೇ ಕಲಿಯುತ್ತಿದ್ದವಳು, ಚೆನ್ನಾಗಿ ಹಾಡುತ್ತಾಳೆ ಅಂತಲೇ ಅಂದುಕೊಂಡಿದ್ದೆ. ಅವತ್ತು ಕೇಳಿದರೆ ಅವಳ ಗಾಂಧಾರ, ಅಂದರೆ ಗ, ಪ್ರತಿ ಸಲವೂ ಒಂದು ಕೂದಲೆಳೆ ಕೆಳಗೇ ನಿಲ್ಲುತ್ತಿದೆ! ಎರಡು ವರ್ಷ ನನಗೆ ಕೇಳಿಸಿರಲೇ ಇಲ್ಲ. ಯಾಕೆ? ಅವಳು ಗ ಹಾಡುವಾಗೆಲ್ಲ ನಾನೂ ಗ ಹಾಡುತ್ತಿದ್ದೆ. ನನ್ನ ದನಿ ಅವಳ ತಪ್ಪನ್ನು ಮುಚ್ಚಿಬಿಡುತ್ತಿತ್ತು.

ಆ ಮೂರು ವಾರದಲ್ಲಿ ಒಂದೊಂದು ಮಗುವಿನದೂ ಒಂದೊಂದು ಗೊತ್ತಾಯಿತು. ಒಬ್ಬನು ಎರಡನೇ ಕಾಲಕ್ಕೆ, ಅಂದರೆ ಎರಡರಷ್ಟು ವೇಗಕ್ಕೆ, ಬಂದ ಕೂಡಲೇ ಉಸಿರು ತಪ್ಪಿ ಓಡುತ್ತಾನೆ. ಒಬ್ಬಳು ನಾಲಿಗೆ ಹಿಂದಕ್ಕೆ ಎಳೆದುಕೊಂಡು ಅಕಾರ ಹಾಡುತ್ತಾಳೆ. ಅಂದಿನಿಂದ ನನ್ನ ಪಾಠದ ಕ್ರಮವೇ ಬದಲಾಯಿತು. ಒಂದು ಸಲ ನಾನು ಹಾಡುತ್ತೇನೆ, ಮೂರು ಸಲ ಅವರು. ಅವರು ಹಾಡುವಾಗ ನಾನು ಬಾಯಿ ತೆರೆಯುವುದಿಲ್ಲ. ನೀವು ಪಾಠ ಶುರು ಮಾಡಿದರೆ ಮೊದಲ ದಿನದಿಂದಲೇ ಹೀಗೆ ಮಾಡಿ. ಗಂಟಲೂ ಉಳಿಯುತ್ತದೆ, ಮಕ್ಕಳೂ ಬೇಗ ಕಲಿಯುತ್ತಾರೆ. ಗಂಡಸರ ಬ್ಯಾಚಿಗೆ ವೀಣೆಯನ್ನೋ ಹಾರ್ಮೋನಿಯಂ ಅನ್ನೋ ಹಿಡಿದು ಹೇಳಿಕೊಡಿ, ಕೆಳಗಿನ ಶ್ರುತಿಗೆ ಗಂಟಲು ಹಿಂಡಬೇಡಿ. ಪಕ್ಕದಲ್ಲಿ ನೀರಿರಲಿ. ಎರಡು ಬ್ಯಾಚಿನ ನಡುವೆ ಹದಿನೈದು ನಿಮಿಷ ಮಾತಿಲ್ಲದ ಹೊತ್ತು ಇರಲೇಬೇಕು. ದನಿ ಎರಡು ವಾರಕ್ಕಿಂತ ಜಾಸ್ತಿ ಒಡೆದೇ ಇದ್ದರೆ ಕಷಾಯ ಕುಡಿದು ಸುಮ್ಮನಿರಬೇಡಿ, ಡಾಕ್ಟರ ಹತ್ತಿರ ಹೋಗಿ.

ಈಗ ಸಿಗುವುದೇನು ಅಂತ ಕೇಳಿದಿರಲ್ಲ, ಅದಕ್ಕೆ ಒಬ್ಬ ಹುಡುಗನ ಕಥೆ ಹೇಳುತ್ತೇನೆ.

ಏಳು ವರ್ಷದವನು. ಅವರ ಅಜ್ಜಿ ಕರೆತಂದು ಸೇರಿಸಿದರು. ಸ ಹಿಡಿ ಅಂದರೆ ಹಿಡಿಯುತ್ತಾನೆ, ಆದರೆ ಅದು ನನ್ನ ಸ ಅಲ್ಲ, ಎಲ್ಲೋ ಬೇರೆ. ರಿ ಅಂದರೂ ಅದೇ, ಗ ಅಂದರೂ ಅದೇ. ಒಂದೇ ಸ್ವರ, ಜೇನ್ನೊಣದ ಹಾಗೆ. ಐದು ತಿಂಗಳು ಹೀಗೇ ಹೋಯಿತು. ಇವನಿಗೆ ಬರುವುದಿಲ್ಲ, ತಾಳವಾದ್ಯಕ್ಕೆ ಕಳಿಸಿ ಅಂತ ಅಜ್ಜಿಗೆ ಹೇಳುವುದು ಅಂತ ಮನಸ್ಸಿನಲ್ಲಿ ನಿರ್ಧಾರವೂ ಆಗಿತ್ತು. ಒಂದು ಗುರುವಾರ ಪಾಠ ಮುಗಿದು ಅವನು ಗೇಟಿನ ಹತ್ತಿರ ನಿಂತಿದ್ದ. ದೂರದಲ್ಲಿ ಅಜ್ಜಿ ಬರುವುದು ಕಂಡಿತು. “ಅಜ್ಜೀ…” ಅಂತ ಉದ್ದಕ್ಕೆ ಎಳೆದು ಕೂಗಿದ. ಎಷ್ಟು ದುಂಡಗಿನ ದನಿ! ಎಲ್ಲೂ ಅಲುಗಾಟ ಇಲ್ಲ. ಒಳಗೆ ಓಡಿ ಹಾರ್ಮೋನಿಯಂ ಮುಟ್ಟಿ ನೋಡಿದೆ. ಏಳು ಮನೆ.

ನಾನು ಐದೂವರೆಯಲ್ಲಿ ಕೂತು ಅವನನ್ನು ನನ್ನ ಹತ್ತಿರ ಕರೆಯುತ್ತಿದ್ದೆ, ಅವನಿಗೆ ದಾರಿ ಗೊತ್ತಿರಲಿಲ್ಲ. ಮುಂದಿನ ಪಾಠಕ್ಕೆ ಶ್ರುತಿ ಪೆಟ್ಟಿಗೆಯನ್ನು ಏಳು ಮನೆಗೆ ಏರಿಸಿ ಅವನನ್ನು ಒಬ್ಬನನ್ನೇ ಕೂರಿಸಿಕೊಂಡೆ. “ಅಜ್ಜೀನ ಕೂಗು ನೋಡೋಣ” ಅಂದೆ. ಕೂಗಿದ. “ಈಗ ಅದನ್ನೇ ಸ ಅಂತ ಹೇಳು.” ಹೇಳಿದ. ಪೆಟ್ಟಿಗೆಯ ನಾದ ಮತ್ತು ಅವನ ದನಿ ಎರಡೂ ಕೂಡಿದಾಗ ಅವನು ಹಾಡುವುದನ್ನು ನಿಲ್ಲಿಸಿ ಪೆಟ್ಟಿಗೆಯನ್ನೇ ನೋಡಿದ. “ಮಿಸ್, ನನ್ನ ದನಿ ಎಲ್ಲಿ ಹೋಯ್ತು?” ಅಂದ. ಶ್ರುತಿ ಸೇರಿದಾಗ ಹಾಗೇ ಅಲ್ವಾ, ನಮ್ಮ ದನಿ ನಮಗೇ ಬೇರೆಯಾಗಿ ಕೇಳಿಸುವುದಿಲ್ಲ. ಶಾಸ್ತ್ರದ ಪುಸ್ತಕದಲ್ಲಿ ಎಷ್ಟು ಓದಿದರೂ ಸಿಗದ ಮಾತನ್ನು ಆ ಮಗು ಹೇಳಿತು. ಆಮೇಲೆ ವಾರಕ್ಕೆ ಅರ್ಧ ಮನೆಯಂತೆ ಇಳಿಸುತ್ತಾ ಬಂದೆ. ಆರೂವರೆ, ಆರು, ಐದೂವರೆ. ನಾಲ್ಕನೇ ವಾರಕ್ಕೆ ಎಲ್ಲರ ಜೊತೆ ಕೂತ. ಅವನೇನೂ ದೊಡ್ಡ ಗಾಯಕ ಆಗಲಿಲ್ಲ, ಆಗಬೇಕಾಗಿಯೂ ಇರಲಿಲ್ಲ. ಆದರೆ ಅವತ್ತಿನ ಆ ಮುಖ ಇದೆಯಲ್ಲ, ನನಗೆ ಕೂಲಿ ಸಿಕ್ಕಿದ್ದು ಅಲ್ಲಿ. ತಿಂಗಳಿಗೊಂದೋ ಎರಡೋ ಇಂಥ ಕ್ಷಣ ಬರುತ್ತದೆ. ಉಳಿದ ದಿನವೆಲ್ಲ ಹೊಸಬರ ಸ್ವರಾಭ್ಯಾಸವೇ, ಸರಳೆ ವರಸೆ, ಜಂಟಿ ವರಸೆ, ಮತ್ತೆ ಸರಳೆ ವರಸೆ.

ಆ “ಮತ್ತೆ ಸರಳೆ ವರಸೆ” ನಿಮಗೆ ಬೇಸರ ತರುತ್ತದಾ ಅಂತ ಮೊದಲೇ ನಿಮ್ಮನ್ನು ನೀವು ಕೇಳಿಕೊಳ್ಳಿ. ವಿದ್ವತ್ ಮುಗಿಸಿದವರಿಗೆ ತೋಡಿ, ಭೈರವಿ, ರಾಗ ತಾನ ಪಲ್ಲವಿ ಹೇಳಿಕೊಡುವ ಆಸೆ. ಬಾಗಿಲಿಗೆ ಬರುವವರು ಹತ್ತಕ್ಕೆ ಎಂಟು ಜನ ಹೊಸಬರು. ಜೊತೆಗೆ ತಂದೆ ತಾಯಿ. “ಆರು ತಿಂಗಳಾಯ್ತು, ಇನ್ನೂ ಸರಿಗಮಾನೇ ಹೇಳಿಸ್ತಿದ್ದೀರಾ? ಟೀವಿ ಶೋಗೆ ಆಡಿಷನ್ ಇದೆಯಂತೆ, ಒಂದು ಹಾಡು ರೆಡಿ ಮಾಡ್ಸಿ” ಅನ್ನುತ್ತಾರೆ. ಮೊದಲು ನನಗೆ ಸಿಟ್ಟು ಬರುತ್ತಿತ್ತು. ಈಗ ಅವರನ್ನೂ ಚಾಪೆ ಮೇಲೆ ಕೂರಿಸಿ ಹತ್ತು ನಿಮಿಷ ಪಾಠ ಮಾಡುತ್ತೇನೆ. ಸಿಟ್ಟಿಗಿಂತ ಅದೇ ಜಾಸ್ತಿ ಕೆಲಸ ಮಾಡುತ್ತದೆ.

ಪುರಂದರದಾಸರನ್ನು ಕರ್ನಾಟಕ ಸಂಗೀತ ಪಿತಾಮಹ ಅನ್ನುತ್ತೇವೆ. ಅವರ ಕಾಲ 1484ರಿಂದ 1564 ಅಂತ ಲೆಕ್ಕ. ಮಾಯಾಮಾಳವಗೌಳ ರಾಗದಲ್ಲಿ ಪಾಠ ಶುರು ಮಾಡುವ ಕ್ರಮ ಅವರದೇ ಅಂತ ಪರಂಪರೆ ಹೇಳುತ್ತದೆ. ಆ ರಾಗವೇ ಯಾಕೆ ಅನ್ನುವುದನ್ನು ಹಾರ್ಮೋನಿಯಂ ಮೇಲೆ ತೋರಿಸುತ್ತೇನೆ. ಬಿಳಿ, ಕಪ್ಪು ಎಲ್ಲ ಮನೆಯನ್ನೂ ಎಣಿಸಿದರೆ ಸ ಪಕ್ಕದ ಮನೆಯಲ್ಲೇ ರಿ. ಅಲ್ಲಿಂದ ಮೂರನೇ ಮನೆ ಗ. ಗ ಪಕ್ಕದಲ್ಲೇ ಮ. ಈಗ ಪ ದಿಂದ ನೋಡಿ. ಪ ಪಕ್ಕದಲ್ಲೇ ದ, ಅಲ್ಲಿಂದ ಮೂರನೇ ಮನೆ ನಿ, ಪಕ್ಕದಲ್ಲೇ ಮೇಲಿನ ಸ. ಕೆಳಗಿನ ಅರ್ಧವೇ ಮೇಲಿನ ಅರ್ಧ. ಮಗು ನಾಲ್ಕು ಸ್ವರ ಕಲಿತರೆ ಎಂಟೂ ಬಂದ ಹಾಗೆ. ಚಿಕ್ಕ ಹೆಜ್ಜೆ, ದೊಡ್ಡ ಹೆಜ್ಜೆ ಎರಡೂ ಒಂದೇ ರಾಗದಲ್ಲಿ ಅಭ್ಯಾಸ ಆಗಿಬಿಡುತ್ತದೆ. ವರಸೆ, ಅಲಂಕಾರ ಮುಗಿದು ಗೀತೆಗೆ ಬಂದಾಗ ಮೊದಲು ಹೇಳಿಕೊಡುವುದು ಮಲಹರಿ ರಾಗ. ಅದೂ ಮಾಯಾಮಾಳವಗೌಳದ ಮಗುವೇ, ಹೊಸ ಸ್ವರಸ್ಥಾನ ಒಂದೂ ಇಲ್ಲ. ನಿ ಇಲ್ಲವೇ ಇಲ್ಲ, ಗ ಇಳಿಯುವಾಗ ಮಾತ್ರ ಬರುತ್ತದೆ. ಇದನ್ನು ಕಟ್ಟಿದವರು ಮಕ್ಕಳ ಗಂಟಲನ್ನು ಎಷ್ಟು ಹತ್ತಿರದಿಂದ ಕೇಳಿರಬೇಕು ಅಂತ ಪ್ರತಿ ಸಲ ಹೇಳಿಕೊಡುವಾಗಲೂ ನನಗೆ ಅನ್ನಿಸುತ್ತದೆ. ಹಾಗೆ ಅನ್ನಿಸುವುದರಿಂದಲೇ 31 ವರ್ಷವಾದರೂ ಸರಳೆ ವರಸೆ ಹಳತಾಗಿಲ್ಲ. ಇಷ್ಟನ್ನು ತೋರಿಸಿದರೆ ಹೆಚ್ಚಿನ ತಾಯಂದಿರು ಒಪ್ಪುತ್ತಾರೆ. ಒಪ್ಪದವರು ಬೇರೆ ಕಡೆ ಹೋಗುತ್ತಾರೆ. ಹೋಗಲಿ ಬಿಡಿ.

ಆದರೆ ಒಂದು ವರ್ಷ ಬರೀ ವರಸೆಯಲ್ಲೇ ಮಗುವನ್ನು ಕೂಡಿಹಾಕಬೇಡಿ. ಪಾಠದ ಕೊನೆಯ ಹತ್ತು ನಿಮಿಷ ಒಂದು ಸಣ್ಣ ದೇವರನಾಮ ಇರಲಿ. ಸ್ವರ ಬಿಡಿಸಿ ಹೇಳುವುದು ಬೇಡ, ಸುಮ್ಮನೆ ಕೇಳಿ ಹಾಡಲಿ. ಸಂಜೆ ಮನೆಯಲ್ಲಿ ದೀಪ ಹಚ್ಚುವಾಗ ಹಾಡಿದರೆ ಮಗುವಿಗೂ ಖುಷಿ, ಮನೆಯವರಿಗೂ ಕಲಿಯುತ್ತಿದೆ ಅಂತ ಕಾಣುತ್ತದೆ.

ಇನ್ನು ದುಡ್ಡು. ನಾಚಿಕೆ ಇಲ್ಲದೆ ಮಾತಾಡೋಣ.

ಒಂದು ಲೆಕ್ಕ ಹೇಳುತ್ತೇನೆ, ನಿಮ್ಮ ಬಡಾವಣೆಗೆ ತಕ್ಕಂತೆ ಅಂಕಿ ಬದಲಿಸಿಕೊಳ್ಳಿ. 30 ಮಕ್ಕಳು, ತಿಂಗಳಿಗೆ ಎಂಟು ಪಾಠ, ತಲೆಗೆ 1,200 ರೂಪಾಯಿ. ತಿಂಗಳಿಗೆ 36,000 ಅಂತ ಕಾಗದದ ಮೇಲೆ ಚೆನ್ನಾಗಿ ಕಾಣುತ್ತದೆ. ನಿಜಕ್ಕೂ ಕೈಗೆ ಬರುವುದು ಅಷ್ಟಲ್ಲ. ಮಾರ್ಚಿನಲ್ಲಿ ಪರೀಕ್ಷೆ ಅಂತ ಕೆಲವರು ಬರುವುದಿಲ್ಲ. ಏಪ್ರಿಲ್, ಮೇ ಬಂತೆಂದರೆ ಅಜ್ಜಿ ಊರು. ಜೂನಿನಲ್ಲಿ ಮೂವರು ಟ್ಯೂಷನ್ ಅಂತ ಬಿಡುತ್ತಾರೆ, ಹೊಸ ಮೂವರು ಸೇರುವುದು ವಿಜಯದಶಮಿಗೆ. ವರ್ಷಕ್ಕೆ ಹತ್ತು ತಿಂಗಳು, ಸರಾಸರಿ 24 ಮಕ್ಕಳು ಅಂತ ಹಿಡಿಯಿರಿ. 2,88,000 ಆಯಿತು. ಹನ್ನೆರಡು ತಿಂಗಳಿಗೆ ಹಂಚಿದರೆ 24,000. ಪಿಎಫ್ ಇಲ್ಲ, ಆರೋಗ್ಯ ವಿಮೆ ನೀವೇ ಮಾಡಿಸಬೇಕು, ಜ್ವರ ಬಂದರೆ ರಜೆಯ ಸಂಬಳ ಇಲ್ಲ. ನಿಮ್ಮ ಈಗಿನ ಸಂಬಳದ ಪಕ್ಕದಲ್ಲಿ ಇಟ್ಟು ನೋಡಿ, ಮನೆಯವರ ಜೊತೆ ಕೂತು ನೋಡಿ. ನನ್ನ ಆದಾಯ ಒಂದು ಹದಕ್ಕೆ ಬರಲು ಆರು ವರ್ಷ ಬೇಕಾಯಿತು. ಅಲ್ಲಿಯವರೆಗೆ ಬೆಳಿಗ್ಗೆ ಒಂದು ಶಾಲೆಯಲ್ಲಿ ಸಂಗೀತದ ಟೀಚರ್ ಆಗಿದ್ದೆ. 45 ಮಕ್ಕಳ ಕ್ಲಾಸು, ವಾರಕ್ಕೊಂದು ಪೀರಿಯಡ್, ಅದನ್ನೂ ಪರೀಕ್ಷೆ ಹತ್ತಿರ ಬಂದಾಗ ಗಣಿತಕ್ಕೆ ಕೊಟ್ಟುಬಿಡುತ್ತಿದ್ದರು. ಆದರೂ ತಿಂಗಳ ಮೊದಲ ವಾರ ಸಂಬಳ ಬರುತ್ತಿತ್ತು, ಅದು ಸಣ್ಣ ಮಾತಲ್ಲ.

“ವಿದ್ಯೆ ಮಾರಬಾರದು” ಅನ್ನುವವರು ಸಿಗುತ್ತಾರೆ. ಕೇಳಿದರೆ ಮನಸ್ಸು ಕುಗ್ಗುತ್ತದೆ, ನನಗೂ ಕುಗ್ಗಿತ್ತು. ಹಳೆಯ ಕಾಲದಲ್ಲೂ ಪಾಠದ ಖರ್ಚನ್ನು ಯಾರಾದರೊಬ್ಬರು ಹೊತ್ತೇ ಇರುತ್ತಿದ್ದರು. ಮೈಸೂರಿನಲ್ಲಿ ಆಸ್ಥಾನ ವಿದ್ವಾಂಸರನ್ನು ಅರಮನೆ ಸಾಕುತ್ತಿತ್ತು. ಕುಂದಗೋಳದಲ್ಲಿ ಸವಾಯಿ ಗಂಧರ್ವರ ಮನೆಯಲ್ಲಿದ್ದು ಕಲಿತ ಭೀಮಸೇನ ಜೋಶಿಯವರು ಗುರುವಿನ ಮನೆಗೆ ನೀರು ಹೊತ್ತರು. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು ಕಣ್ಣಿಲ್ಲದ ಮಕ್ಕಳಿಗೆ, ಬಡ ಮಕ್ಕಳಿಗೆ ಊಟ, ವಸತಿ ಕೊಟ್ಟು ವಿದ್ಯೆ ಕೊಟ್ಟರು. ಇಬ್ಬರಿಗೂ ಕಣ್ಣು ಕಾಣುತ್ತಿರಲಿಲ್ಲ. ಅಷ್ಟು ದೊಡ್ಡ ಗುರುಗಳೂ ಆ ಅನ್ನ ನಡೆಸುವುದಕ್ಕೆ ನಾಟಕ ಕಂಪನಿ ನಡೆಸಬೇಕಾಯಿತು, ಭಕ್ತರ ಕಾಣಿಕೆ ಬೇಕಾಯಿತು. ನಿಮಗೆ ಅರಮನೆ ಇಲ್ಲ, ಮಠ ಇಲ್ಲ. ಇರುವುದು ಫೀಸು. ತಿಂಗಳ ಐದನೇ ತಾರೀಖಿನೊಳಗೆ ಅಂತ ಮೊದಲ ದಿನವೇ ಹೇಳಿ. ಬಿಟ್ಟುಹೋದ ಪಾಠಕ್ಕೆ ಏನು ಮಾಡುತ್ತೀರಿ ಅಂತಲೂ ಹೇಳಿ. ನಿಜವಾಗಿ ಕೊಡಲಾಗದ ಮನೆಯ ಮಗು ಬಂದರೆ ಬಿಡಬೇಡಿ. ನನ್ನ ಹತ್ತಿರ ಯಾವಾಗಲೂ ಇಬ್ಬರೋ ಮೂವರೋ ಹಾಗೆ ಇರುತ್ತಾರೆ. ಯಾರು ಅಂತ ಉಳಿದ ಮಕ್ಕಳಿಗೆ ಗೊತ್ತಾಗಬಾರದು, ಅಷ್ಟೇ.

ಹೊರಗಿನವರಿಗೆ ಕಾಣದ ಇನ್ನೊಂದು ಕಷ್ಟ ಹೊತ್ತಿನದು. ಎಲ್ಲರ ಮನೆಯವರೂ ಮನೆ ಸೇರುವ ಹೊತ್ತಿಗೆ ನಮ್ಮ ಕೆಲಸ ಶುರು. ಸಂಜೆ ನಾಲ್ಕರಿಂದ ಎಂಟು, ಶನಿವಾರ ಭಾನುವಾರ ಬೆಳಿಗ್ಗೆ. ನನ್ನ ಮಗಳು ಚಿಕ್ಕವಳಿದ್ದಾಗ ಒಳಗಿನ ಕೋಣೆಯಲ್ಲಿ ಒಬ್ಬಳೇ ಹೋಂವರ್ಕ್ ಮಾಡುತ್ತಿದ್ದಳು, ನಾನು ಹೊರಗೆ ಊರ ಮಕ್ಕಳಿಗೆ ತಾಳ ಹಾಕಿಸುತ್ತಿದ್ದೆ. ಒಮ್ಮೆ ಬಾಗಿಲ ಸಂದಿಯಿಂದ ಒಂದು ಚೀಟಿ ತಳ್ಳಿದಳು. “ಅಮ್ಮ, ನಾನೂ ಫೀಸ್ ಕೊಡ್ತೀನಿ, ನನ್ನ ಜೊತೆ ಕೂತ್ಕೋ.” ಆ ಚೀಟಿ ಇನ್ನೂ ನನ್ನ ಸಂಗೀತದ ಪುಸ್ತಕದಲ್ಲಿದೆ. ಮಾರನೇ ವಾರದಿಂದ ಬುಧವಾರ ಸಂಜೆ ಪಾಠ ಇಲ್ಲ ಅಂತ ಬೋರ್ಡು ಹಾಕಿದೆ. ನೀವು ಮೊದಲ ತಿಂಗಳಿಂದಲೇ ಒಂದು ಸಂಜೆ ಹಾಗೆ ಖಾಲಿ ಇಡಿ. ಆಮೇಲೆ ಇಡುತ್ತೇನೆ ಅಂದರೆ ಆಗುವುದಿಲ್ಲ.

ಒಂದು ತಪ್ಪು ಹೇಳಿಕೊಳ್ಳಬೇಕು. ನನ್ನಿಂದಾದದ್ದು, ನಿಮ್ಮಿಂದ ಆಗದಿರಲಿ. ಹದಿಮೂರು ವರ್ಷದ ಹುಡುಗ, ಚೆನ್ನಾಗಿ ಹಾಡುತ್ತಿದ್ದ. ದನಿ ಒಡೆಯಲು ಶುರುವಾಗಿತ್ತು. ನನಗೆ ಅದರ ಬಗ್ಗೆ ಏನೂ ಗೊತ್ತಿರಲಿಲ್ಲ, ಅಭ್ಯಾಸ ಬಿಟ್ಟಿದ್ದಾನೆ ಅಂದುಕೊಂಡೆ. ಎಲ್ಲರ ಮುಂದೆ ತಾರಸ್ಥಾಯಿ ಹಾಡು ಅಂತ ಹಟ ಹಿಡಿದೆ. ದನಿ ಎರಡಾಗಿ ಸೀಳಿತು, ಹುಡುಗಿಯರು ನಕ್ಕರು. ಅವನು ಮತ್ತೆ ಬರಲಿಲ್ಲ. ಒಂದು ವಾರ ಆದಮೇಲೆ ಅವನ ತಾಯಿ ಬಂದು ಪುಸ್ತಕ ತೆಗೆದುಕೊಂಡು ಹೋದರು. ಈಗ ಹನ್ನೊಂದು ದಾಟಿದ ಹುಡುಗರಿಗೆಲ್ಲ ಮೊದಲೇ ಹೇಳಿಡುತ್ತೇನೆ. “ದನಿ ಬದಲಾಗುತ್ತೆ, ಹೆದರಬೇಡ, ನನಗೆ ಹೇಳು.” ಶ್ರುತಿ ಎರಡು ಮನೆಗೋ ಒಂದೂವರೆಗೋ ಇಳಿಸುತ್ತೇನೆ. ಮಂದ್ರ ಪ ದಿಂದ, ಅಂದರೆ ಕೆಳಗಿನ ಪ ದಿಂದ, ನಡುವಿನ ಪ ವರೆಗೆ ಮಾತ್ರ, ಮೇಲಕ್ಕೆ ಎಳೆಯುವುದಿಲ್ಲ. ಆ ಹೊತ್ತಿನಲ್ಲಿ ತಾಳ ಗಟ್ಟಿ ಮಾಡಿಸುವುದು, ಸ್ವರ ಬರೆಸುವುದು, ಒಳ್ಳೆಯ ಕಛೇರಿ ಕೇಳಿಸುವುದು. ದನಿ ನೆಲೆಗೆ ನಿಂತ ಮೇಲೆ ಅವರು ಹಾಡುವುದನ್ನು ಕೇಳಬೇಕು ನೀವು, ಹೊಸ ಮನುಷ್ಯನೇ ಹುಟ್ಟಿದ ಹಾಗಿರುತ್ತದೆ. ವಿದ್ವತ್ ಪರೀಕ್ಷೆಯಲ್ಲಿ ನನ್ನನ್ನು ಯಾರೂ ಇದನ್ನು ಕೇಳಿರಲಿಲ್ಲ. ರಾಗ ಲಕ್ಷಣ ಕೇಳಿದ್ದರು, ಪಲ್ಲವಿ ಹಾಡಿಸಿದ್ದರು. ಮಗುವಿನ ಗಂಟಲ ಬಗ್ಗೆ ನಾವೇ ಕಲಿಯಬೇಕು.

ಬರೀ ಮಕ್ಕಳಿಗೇ ಹೇಳಿಕೊಡುತ್ತೇನೆ ಅಂದುಕೊಳ್ಳಬೇಡಿ. ದೊಡ್ಡವರನ್ನು ಸೇರಿಸಿಕೊಳ್ಳಿ. ಬೆಳಿಗ್ಗೆ ಹನ್ನೊಂದಕ್ಕೆ ಬರಬಲ್ಲವರು ಅವರೇ, ನಿಮ್ಮ ಖಾಲಿ ಹೊತ್ತು ತುಂಬುತ್ತದೆ. ನನ್ನ ಹತ್ತಿರ 58 ವರ್ಷದ ಒಬ್ಬರು ಬರುತ್ತಾರೆ. ಚಿಕ್ಕಂದಿನಲ್ಲಿ ಹಾಡು ಅಂದರೆ ಮನೆಯಲ್ಲಿ ಬೈಯುತ್ತಿದ್ದರಂತೆ. ಮೊದಲ ಗೀತೆ ತಾಳ ತಪ್ಪದೆ ಮುಗಿಸಲು ಅವರಿಗೆ ಎಂಟು ತಿಂಗಳು ಹಿಡಿಯಿತು. ಮುಗಿಸಿ ಒಂದು ಕ್ಷಣ ಸುಮ್ಮನೆ ಕೂತರು. ಆಮೇಲೆ ಮೆಲ್ಲಗೆ “ಮೇಡಂ, ಇನ್ನೊಂದ್ಸಲ ಹಾಡ್ಲಾ?” ಅಂದರು. ಮಕ್ಕಳು ಯಾರೂ ನನ್ನನ್ನು ಹಾಗೆ ಕೇಳಿಲ್ಲ.

ಆನ್‌ಲೈನ್ ಪಾಠದ ಬಗ್ಗೆಯೂ ಹೇಳುತ್ತೇನೆ, ಸಾಫ್ಟ್‌ವೇರ್‌ನವರಾದ ನಿಮಗೆ ಅದು ಸುಲಭ ಅನ್ನಿಸಬಹುದು. ನಮ್ಮ ಶನಿವಾರ ಬೆಳಿಗ್ಗೆ ಆರು ಅಂದರೆ ಕ್ಯಾಲಿಫೋರ್ನಿಯಾದಲ್ಲಿ ಶುಕ್ರವಾರ ಸಂಜೆ. ಆ ಹೊತ್ತಿಗೆ ಅಲ್ಲಿನ ಕನ್ನಡದ ಮನೆಗಳ ನಾಲ್ಕು ಮಕ್ಕಳಿಗೆ ಪಾಠ ಹೇಳುತ್ತೇನೆ. ಜೊತೆಯಲ್ಲಿ ಹಾಡುವುದು ಅಲ್ಲಿ ಆಗದ ಮಾತು. ದನಿ ಹೋಗಿ ಬರುವಷ್ಟರಲ್ಲಿ ತಾಳ ಜಾರಿರುತ್ತದೆ. ನಾನು ಹಾಡಿ ನಿಲ್ಲಿಸಬೇಕು, ಅವರು ಹಾಡಬೇಕು. ತಂಬೂರಿಯ ನಾದವನ್ನೇ ಗಲಾಟೆ ಅಂದುಕೊಂಡು ಝೂಮ್ ಅಳಿಸಿಬಿಡುತ್ತದೆ. ಅದಕ್ಕೆ ಒರಿಜಿನಲ್ ಸೌಂಡ್ ಅನ್ನುವ ಸೆಟ್ಟಿಂಗ್ ಹಾಕಿಕೊಳ್ಳಬೇಕು, ಶ್ರುತಿಯನ್ನು ಅವರ ಮನೆಯಲ್ಲೇ ಹಾಕಿಸಬೇಕು. ಗಮಕದ, ಅಂದರೆ ಸ್ವರವನ್ನು ಅಲುಗಿಸಿ ಹಾಡುವುದರ, ಸಣ್ಣ ಕೊಂಕು ಎಷ್ಟೋ ಸಲ ಕೇಳಿಸುವುದೇ ಇಲ್ಲ. ಹಾಗಾಗಿ ಹೊಸಬರಿಗೆ ಎದುರಿಗೆ ಕೂತು ಕಲಿಯುವುದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ.

ಆದರೂ ಆ ನಾಲ್ವರಲ್ಲಿ ಒಬ್ಬಳು ನನಗೆ ಕೊಟ್ಟ ಸಂತೋಷ ದೊಡ್ಡದು. ಸಾಹಿತ್ಯವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಳ್ಳುತ್ತಿದ್ದಳು. ಲ, ಳ ಎರಡೂ ಅಲ್ಲಿ ಒಂದೇ, ದ, ಡ ಎರಡೂ ಒಂದೇ. ಹಾಡುವಾಗ “ಬಾಳು” ಹೋಗಿ “ಬಾಲು” ಆಗುತ್ತಿತ್ತು. ತಿದ್ದಿ ತಿದ್ದಿ ಸಾಕಾಗಿ, “ಕನ್ನಡದಲ್ಲಿ ಬರ್ಕೊಂಡ್ರೆ ಈ ಕಷ್ಟ ಇಲ್ಲ ನೋಡು” ಅಂದೆ. ಎರಡು ತಿಂಗಳಾದ ಮೇಲೆ ಕ್ಯಾಮೆರಾ ಮುಂದೆ ನೋಟ್‌ಬುಕ್ ಹಿಡಿದಳು. ದೇವರನಾಮ ಪೂರ್ತಿ ಕನ್ನಡದಲ್ಲಿ! ಒಂದೊಂದು ಅಕ್ಷರ ಒಂದೊಂದು ಅಳತೆ, ಳ ಮಾತ್ರ ಎಲ್ಲದಕ್ಕಿಂತ ದೊಡ್ಡದು. ಹಿಂದೆ ನಿಂತಿದ್ದ ಅವಳ ತಾತ ಕಣ್ಣು ಒರೆಸಿಕೊಂಡರು.

ನಿಮ್ಮ ಸ್ವಂತ ಹಾಡಿಕೆಯ ಬಗ್ಗೆ ಒಂದು ಎಚ್ಚರಿಕೆ. ಪಾಠ ಹೇಳುವುದು ನಿಮ್ಮ ಸಾಧನೆಯನ್ನು ನಿಧಾನಕ್ಕೆ ತಿಂದುಬಿಡುತ್ತದೆ. ದಿನಕ್ಕೆ ನಾಲ್ಕು ಗಂಟೆ ಸಂಗೀತದಲ್ಲೇ ಇದ್ದೇನಲ್ಲ ಅನ್ನಿಸುತ್ತದೆ, ಆದರೆ ಅದು ಬೇರೆಯವರ ಸಂಗೀತ. ಬೆಳಿಗ್ಗೆ ಫೋನ್ ಮುಟ್ಟುವ ಮೊದಲು ಒಂದು ಗಂಟೆ ನಿಮ್ಮದು. ನಿಮ್ಮ ಗುರುಗಳ ಹತ್ತಿರ ಪಾಠ ನಿಲ್ಲಿಸಬೇಡಿ, ತಿಂಗಳಿಗೊಂದಾದರೂ ಇರಲಿ. ಹಾಡಲು ಆಗದವರು ಪಾಠ ಹೇಳುತ್ತಾರೆ ಅಂತ ಯಾರಾದರೂ ಅಂದರೆ ನೋಯಬೇಡಿ. ಗಾಯಕರಾದ ಆರ್.ಕೆ. ಶ್ರೀಕಂಠನ್ ಅವರು ತೊಂಬತ್ತು ದಾಟಿದ ಮೇಲೂ ಕಛೇರಿ ಹಾಡಿದರು, ಎಷ್ಟೋ ತಲೆಮಾರಿಗೆ ಪಾಠವನ್ನೂ ಹೇಳಿದರು. ಮೈಸೂರು ವಾಸುದೇವಾಚಾರ್ಯರು 1865ರಲ್ಲಿ ಹುಟ್ಟಿದವರು. ಮೈಸೂರಿನ ಆಸ್ಥಾನ ವಿದ್ವಾಂಸರು, ಸಾಹಿತ್ಯ, ಸಂಗೀತ ಎರಡನ್ನೂ ತಾವೇ ಕಟ್ಟಿದ ದೊಡ್ಡ ವಾಗ್ಗೇಯಕಾರರು. ಎಂಬತ್ತೈದು ದಾಟಿದ ಮೇಲೆ ಮದರಾಸಿನ ಕಲಾಕ್ಷೇತ್ರಕ್ಕೆ ಹೋಗಿ ಅಲ್ಲಿನ ಮಕ್ಕಳಿಗೆ ಪಾಠ ಹೇಳಿದರು. ಆ ವಯಸ್ಸಿನಲ್ಲಿ ಊರು ಬಿಟ್ಟು ಹೋಗಿ ಕಲಿಸುವಷ್ಟು ಅದರಲ್ಲಿ ಏನೋ ಇರಲೇಬೇಕಲ್ಲ.

ಮಕ್ಕಳು ಬಿಟ್ಟು ಹೋಗುವುದಕ್ಕೂ ಮನಸ್ಸು ಗಟ್ಟಿ ಮಾಡಿಕೊಳ್ಳಿ. ಒಂಬತ್ತನೇ ತರಗತಿ ಮುಗಿಯುವ ಹೊತ್ತಿಗೆ, ವರ್ಣ ಮುಗಿದು ಕೃತಿಗಳು ರುಚಿ ಹತ್ತುವ ಹೊತ್ತಿಗೇ ನಿಲ್ಲಿಸುತ್ತಾರೆ. ಎಷ್ಟೋ ಸಲ ಹೇಳಿ ಹೋಗುವುದೂ ಇಲ್ಲ, ವಾಟ್ಸಾಪಿನಲ್ಲಿ ಒಂದು ಸಾಲು ಬರುತ್ತದೆ. ಅವತ್ತು ರಾತ್ರಿ ಊಟ ಸೇರುವುದಿಲ್ಲ. ನಾನು ಈಗ ಒಂದು ಮಾತು ಹೇಳಿ ಕಳಿಸುತ್ತೇನೆ. “ಪರೀಕ್ಷೆ ಮುಗಿದ ಮೇಲೆ ರಜೆಯಲ್ಲಿ ಬಾ, ಫೀಸ್ ಬೇಡ, ಸುಮ್ನೆ ಹಾಡೋಣ.” ಹತ್ತು ಜನಕ್ಕೆ ಹೇಳಿದರೆ ಇಬ್ಬರು ಬರುತ್ತಾರೆ. ಪುರಂದರದಾಸರ ಆರಾಧನೆಗೆ, ಪುಷ್ಯದ ಅಮಾವಾಸ್ಯೆಗೆ, ನಮ್ಮ ಮನೆಯಲ್ಲಿ ಎಲ್ಲರೂ ಸೇರಿ ದಾಸರ ಒಂಬತ್ತು ಹಾಡುಗಳ ನವರತ್ನ ಮಾಲಿಕೆ ಹಾಡುತ್ತೇವೆ. ಹಳೆಯ ಮಕ್ಕಳು ಈಗ ತಮ್ಮ ಮಕ್ಕಳನ್ನು ಎತ್ತಿಕೊಂಡು ಬಂದು ಹಿಂದಿನ ಸಾಲಿನಲ್ಲಿ ಕೂರುತ್ತಾರೆ. ಸಾಹಿತ್ಯ ಅರ್ಧ ಮರೆತಿರುತ್ತಾರೆ, ಕೈ ಮಾತ್ರ ತಾನಾಗಿ ತಾಳ ಹಾಕುತ್ತಿರುತ್ತದೆ.

ಈಗ ನೀವು ಮಾಡಬೇಕಾದ್ದು. ಕೆಲಸದಲ್ಲೇ ಇರಿ. ಬರುವ ವಿಜಯದಶಮಿಗೆ ಮೂರೇ ಮೂರು ಮಕ್ಕಳನ್ನು ಸೇರಿಸಿಕೊಳ್ಳಿ. ಹತ್ತು ಬೇಡ, ಮೂರು. ಶನಿವಾರ, ಭಾನುವಾರ ಪಾಠ. ಒಂದೊಂದು ಮಗುವಿಗೂ ಒಂದು ನೋಟ್‌ಬುಕ್ ಇಡಿ. ಪಾಠ ಮುಗಿದ ಮೇಲೆ ಇವತ್ತು ಏನು ಹೇಳಿಕೊಟ್ಟೆ ಅಂತ ಬರೆಯಬೇಡಿ, ಏನು ಕೇಳಿಸಿತು ಅಂತ ಬರೆಯಿರಿ. ಒಂದು ವರ್ಷ ಹೀಗೆ ಮಾಡಿ. ಪಾಠದಿಂದ ಬಂದ ಹಣವನ್ನು ಮುಟ್ಟದೆ ಬೇರೆ ಖಾತೆಯಲ್ಲಿಡಿ. ಸಂಬಳದಿಂದಲೂ ಉಳಿಸಿ, ಒಂದು ವರ್ಷದ ಮನೆ ಖರ್ಚು ಕೈಯಲ್ಲಿರಲಿ. ವರ್ಷ ಕಳೆದ ಮೇಲೆ ನೋಟ್‌ಬುಕ್ ತೆಗೆದು ನೋಡಿ. ಪುಟ ತುಂಬಿದ್ದರೆ, ನಲವತ್ತನೇ ಸಲ ಸರಳೆ ವರಸೆ ಹೇಳಿಸುವಾಗಲೂ ನಿಮಗೆ ಹೊಸದೇನೋ ಕೇಳಿಸಿದ್ದರೆ, ಮನೆಯವರ ಮುಂದೆ ಲೆಕ್ಕದ ಹಾಳೆ ಮತ್ತು ಆ ನೋಟ್‌ಬುಕ್ ಎರಡನ್ನೂ ಇಟ್ಟು ಮಾತಾಡಿ. ಪುಟ ಖಾಲಿ ಇದ್ದರೆ ಹಾಡುವುದನ್ನು ಮುಂದುವರಿಸಿ, ಕೆಲಸವೂ ಇರಲಿ. ಅದೂ ಒಳ್ಳೆಯ ಬದುಕೇ.

ಮೈಸೂರಿನ ಕಡೆ ಬಂದರೆ ಒಂದು ಮಂಗಳವಾರ ಸಂಜೆ ಐದಕ್ಕೆ ನಮ್ಮ ಮನೆಗೆ ಬನ್ನಿ. ಹೊಸ ಮಕ್ಕಳ ಬ್ಯಾಚು, ಆರು ಜನ ಇದ್ದಾರೆ, ಜಂಟಿ ವರಸೆ ನಡೆಯುತ್ತಿದೆ. ಅವರಲ್ಲಿ ಒಬ್ಬಳಿಗೆ ನಿ ಇನ್ನೂ ಸಿಕ್ಕಿಲ್ಲ. ಯಾಕೆ ಅಂತ ನನಗೂ ಇನ್ನೂ ಹೊಳೆದಿಲ್ಲ. ಹಿಂದೆ ಕೂತು ನೀವೂ ಕೇಳಿ.